ಮೊಟ್ಟೆಯ ಲೆಕ್ಕ

ಹಡಗಿಳಿದು ಈ ದ್ವೀಪಕ್ಕೆ ಬಂದಾಗ ಅವಳು ತಂದದ್ದು
ಎರಡು ಪೆಟ್ಟಿಗೆ, ಒಂದು ಹೊಗೆಡಬ್ಬಿ,
ಕಂಬಳಿಯಲ್ಲಿ ಸುತ್ತಿದ ಜೇನುಗೂಡು.
ನಾನು ಕೊಟ್ಟದ್ದು ಉತ್ತರದ ಕೋಣೆ,
ಕಪಾಟಿನಲ್ಲಿ ಕೆಳಗಿನ ಎರಡು ಹಲಗೆ,
ಬರೀ ನೂಕಿದರೆ ತೆರೆಯದ, ಎತ್ತಿ ನೂಕಬೇಕಾದ ಬಾಗಿಲು.

ಹಳೆ ಕ್ಯಾಲೆಂಡರಿನ ಬೆನ್ನಿಗೆ ಕರಾರು ಬರೆದೆವು.
ಮೇಕೆ ನನ್ನವು, ಜೇನು ಅವಳದು, ಬಾವಿ ಇಬ್ಬರದು.
ಮೊದಲು ಎದ್ದವರು ಒಲೆ ಹೊತ್ತಿಸತಕ್ಕದ್ದು.
ಶನಿವಾರದ ಸೌನಾಕ್ಕೆ ಕಟ್ಟಿಗೆ ಅವಳು, ನೀರು ನಾನು.
ಕೋಳಿಗಳ ಮಾತೇ ಬರಲಿಲ್ಲ.
ಏಳು ಕೋಳಿ. ಯಾರು ಕಾಳು ಚೆಲ್ಲಿದರೂ
ಅವರ ಹಿಂದೆ ಹೋಗುವ ಜಾತಿ.

ಜಗಳಕ್ಕೆ ಬರವಿರಲಿಲ್ಲ.
ಪಿರೆಟ್ ರೈ ರೊಟ್ಟಿಯನ್ನು ಎದೆಗವಚಿಕೊಂಡು ಕೊಯ್ಯುತ್ತಾಳೆ,
ಚಾಕು ತೊಳೆಯುವುದಿಲ್ಲ, ಸೊಂಟಕ್ಕೆ ಒರೆಸಿಡುತ್ತಾಳೆ.
ನಾನು ರೇಡಿಯೋ ಹಚ್ಚಿ ಹಾಲು ಕರೆಯುತ್ತೇನೆಂದು ಅವಳ ದೂರು:
ಮೇಕೆಗೆ ಯಾಕೆ ಹೆಲ್ಮಿ, ಹವಾಮಾನ ವರದಿ?
ಬೇಕು ಎಂದೆ. ಸಮುದ್ರದ ನಡುವೆ ಬದುಕುವ ಎಲ್ಲರಿಗೂ ಬೇಕು.
ಒಮ್ಮೆ ಉಪ್ಪಿನ ಭರಣಿಯ ಮುಚ್ಚಳಕ್ಕಾಗಿ ಒಂಬತ್ತು ದಿನ ಮಾತಿಲ್ಲ.
ಒಂಬತ್ತು ದಿನವೂ ಒಲೆ ಹೊತ್ತಿತ್ತು.
ಯಾರು ಮೊದಲು ಎದ್ದೆವೋ, ಇವತ್ತಿಗೂ ಇಬ್ಬರೂ ಹೇಳಿಲ್ಲ.

ಮೊಟ್ಟೆಯ ಪುಸ್ತಕ ಮಾತ್ರ ನನ್ನದು,
ಮೂವತ್ತೊಂದು ವರ್ಷದ್ದು.
ದಿನಕ್ಕೊಂದು ಅಂಕಿ, ಬೇರೆ ಏನೂ ಇಲ್ಲ.
ಗಂಡ ತೀರಿದ ದಿನದ ಮುಂದೆ ನಾಲ್ಕು ಎಂದಿದೆ.
ಕಣ್ಣಿಗೆ ಪೊರೆ ಬಂದ ಮೇಲೆ ಪೆನ್ಸಿಲು ಅವಳ ಕೈಗೆ ಹೋಯಿತು.
ನಾನು ಕೇಳುವುದು, ಅವಳು ಬರೆಯುವುದು.

ನವೆಂಬರ್. ಹಗಲೆಂದರೆ ಇಲ್ಲಿ
ಹೊಸಿಲಿಗೆ ಬಂದು, ಕೂರದೆ,
ಟೊಪ್ಪಿಗೆ ತೆಗೆಯದೆ ಹೊರಟುಹೋಗುವ ನೆಂಟ.
ಇಂಥ ಕತ್ತಲಲ್ಲಿ ಕೋಳಿ ಮೊಟ್ಟೆಯಿಡುವುದಿಲ್ಲ.
ನನಗೆ ಗೊತ್ತು, ಕೋಳಿಗೂ ಗೊತ್ತು,
ಪಿರೆಟ್‌ಗೆ ಯಾರೂ ಹೇಳಿರಲಿಲ್ಲ.
ಎಷ್ಟು? ಎರಡು.
ಮರುದಿನವೂ ಎರಡು.
ಭಾನುವಾರ, ಉದಾರವಾಗಿ, ಮೂರು.
ಮೂವತ್ತೊಂದು ಚಳಿಗಾಲದ ಸೊನ್ನೆಗಳು
ಅದೇ ಪುಸ್ತಕದಲ್ಲಿ ಸಾಲಾಗಿ ಕೂತಿವೆ.
ಅವಳು ಹಿಂದಿನ ಪುಟ ತಿರುವುವವಳಲ್ಲ.

ಜ್ವರದಲ್ಲಿ ನಾನು ಏನೋ ಅಂದಿದ್ದೆನಂತೆ,
ಕೋಳಿ ನಿಂತರೆ ನಾನೂ ನಿಂತೆ ಅಂತ. ನನಗೆ ನೆನಪಿಲ್ಲ.
ನೆನಪಿರುವುದು ಬೆಂದ ಮೊಟ್ಟೆಯ ಚಿಪ್ಪಿನ ಮೇಲೆ
ವಿನೆಗರ್ ವಾಸನೆ, ತಿಕ್ಕಿ ತಿಕ್ಕಿ ಅಳಿಸಿಯೂ ಉಳಿದ
ಅಂಗಡಿ ಮುದ್ರೆಯ ಕೆಂಪು ಬಾಲ.
ಪೊರೆಯ ಕಣ್ಣಿಗೂ ಕಂಡಿತು.
ಹನ್ನೊಂದು ಕಿಲೋಮೀಟರ್, ಮಂಜುಗಡ್ಡೆಯ ದಾರಿ, ಸೈಕಲ್ಲು.
ಉಪ್ಪು ತರೋಕೆ ಹೋಗಿದ್ದೆ ಅನ್ನುತ್ತಿದ್ದಳು.
ಭರಣಿ ತುಂಬಿ, ಮುಚ್ಚಳ ಕೂರದಷ್ಟು ಉಪ್ಪು ನಮ್ಮಲ್ಲಿ.
ಚೆನ್ನಾಗಿದೆ ಎಂದೆ. ಎರಡನ್ನೂ ತಿಂದೆ.

ಜನವರಿಯಲ್ಲಿ ಹಲ್ಲು ಕೀಳಿಸಲು ಅವಳು ಆಚೆ ದಡಕ್ಕೆ ಹೋದಳು.
ದವಡೆ ಊದಿದ ದನಿ ಫೋನಿನಲ್ಲಿ:
ಗೂಡಿಗೆ ಒಮ್ಮೆ ತಟ್ಟಿ, ಕಿವಿಯಿಟ್ಟು ಕೇಳು.
ಮೊಣಕಾಲು ಹಿಮದಲ್ಲೂರಿ ತಟ್ಟಿದೆ.
ಏನೋ ಗುಂಯ್ ಅಂದಿತು. ಗೂಡೋ,
ನನ್ನ ಕಿವಿಯಲ್ಲೇ ಓಡಾಡುವ ಮುದಿ ರಕ್ತವೋ.
ಹೂಂ, ಇವೆ ಎಂದೆ. ಜೋರಾಗಿಯೇ ಇವೆ.

ಈಗ ಮಾರ್ಚ್. ಸೂರು ತೊಟ್ಟಿಕ್ಕುತ್ತಿದೆ.
ಬೆಳಿಗ್ಗೆ ಏಣಿಯ ಕೆಳಗೆ ಕೈಯಾಡಿಸಿದಾಗ ಸಿಕ್ಕಿತು
ಒಂದು, ಕೊಳಕಾದದ್ದು, ಗರಿ ಅಂಟಿದ್ದು, ನಿಜದ್ದು.
ಬರೆಸಬೇಕು. ಆದರೆ ಈ ಒಂದನ್ನು
ಅವಳ ಯಾವ ಎರಡಕ್ಕೆ ಕೂಡಿಸುವುದು?
ನಡುಬಟ್ಟೆಯ ಜೇಬಿನಲ್ಲಿ ಇನ್ನೂ ಬೆಚ್ಚಗಿದೆ.

ಹೊರಗೆ ಬಾಗಿಲು ಗುದ್ದುತ್ತಿದ್ದಾಳೆ, ಎರಡು ಕೈಯಲ್ಲೂ ಕಟ್ಟಿಗೆ.
ಎತ್ತಿ ನೂಕು, ಎಂದೆ.
ಗೊತ್ತು, ಎಂದಳು.