ಉಲ್ಲೇಖ: ತಮ್ಮ ಪತ್ರ

ಪತ್ರ ಬಂದದ್ದು ಮಸ್ಕತ್ತಿನಿಂದಲ್ಲ,
ಬೆಂಗಳೂರಿನ ಒಂದು ಕಚೇರಿಯಿಂದ.
ಅವರನ್ನು ದೆಹಲಿಯವರು ಕೇಳಿದ್ದಾರೆ,
ದೆಹಲಿಯವರನ್ನು ರಾಯಭಾರಿ ಕಚೇರಿ.
ಮೆಟ್ಟಿಲು ಮೆಟ್ಟಿಲಾಗಿ ಇಳಿದು
ಕಾರವಾರ ದಾಟಿ, ಕಾಲು ಅಲುಗುವ ನನ್ನ ಮೇಜಿನ ಮೇಲೆ
ಬಂದು ಕೂತಿದೆ ಪ್ರಶ್ನೆ:
ಲಗತ್ತಿಸಿದ ಪ್ರಮಾಣಪತ್ರ ನೈಜವೇ?
ಹೌದು / ಅಲ್ಲ.
ಅನ್ವಯಿಸದ್ದನ್ನು ಹೊಡೆದುಹಾಕಿ.

ಶೇವಂತಿ ಪೊಕ್ಕ ಹರಿಕಂತ್ರ.
ಅಕ್ಷರ ನನ್ನದೇ. ಹೊಸ ನೌಕರಿಯ ಹುರುಪಿಗೆ
ಒಂದೊಂದು ಒತ್ತಕ್ಷರಕ್ಕೂ ಬಾಲ ಬರೆಯುತ್ತಿದ್ದೆ ಆಗ.
ಪಾಸ್‌ಪೋರ್ಟಿನಲ್ಲಿ ಅವಳು ಬರೀ ಹರಿಕಾಂತ.
ಅವಳೂ ಇವಳೂ ಒಬ್ಬಳೇ ಎಂದು
ಕೋರ್ಟಿನ ಎದುರಿನ ನೋಟರಿ
ಛಾಪಾ ಕಾಗದದ ಮೇಲೆ ಆಣೆ ಮಾಡಿಸಿದ್ದಾನೆ.

ದಾಖಲಾತಿ ವಹಿ ತೆಗೆದೆ.
ಊರು ನೌಕಾನೆಲೆಯ ಬೇಲಿಯೊಳಗೆ ಹೋದ ವರ್ಷ
ಮೀನಿನ ಲಾರಿಯಲ್ಲಿ ಬಂದ ವಹಿಗಳಿವು,
ತಾಡಪಾಲು ಹಾರದಂತೆ ಮೇಲೆ ನಾನೇ ಕೂತಿದ್ದೆ.
ಪುಟ ಬಿಡಿಸಿದರೆ ಇನ್ನೂ ತಾರ್ಲೆಯ ವಾಸನೆ.
ಅದಕ್ಕೂ ಹಿಂದಿನ ಮೂರು ವರ್ಷದ ಮಕ್ಕಳನ್ನು
ಗೆದ್ದಲು ತಿಂದಿದೆ.
ಅವರಾರಿಗೂ ಪರದೇಶದ ಕೆಲಸ ಸಿಗದಿರಲಿ, ದೇವರೇ.

ಜನ್ಮದಿನಾಂಕ: ಜೂನ್ ಒಂದು.

ನೆನಪಿದೆ. ಬುಟ್ಟಿಯನ್ನು ಗೇಟಿನ ಹೊರಗಿಟ್ಟು
ಒಂದು ಕಣ್ಣು ಕಾಗೆಯ ಮೇಲಿಟ್ಟು ನಿಂತಿದ್ದಳು ಗಿರಿಜಿ.
"ಕಡಲಿಗೆ ಕಾಯಿ ಬಿಟ್ಟ ಮಾರನೇ ದಿವ್ಸ, ಒಡೆಯಾ.
ರಂಪಣಿ ಎಳೂಕೆ ಜನ ಸಾಲ್ದೆ ನಾನೂ ಹಗ್ಗ ಹಿಡ್ದಿದ್ದೆ.
ಹೊಟ್ಟೆ ಅಲ್ಲೇ ನೋಯೂಕೆ ಹತ್ತಿತು."
ಹೆಡ್‌ಮಾಸ್ತರರು ತಲೆಯೆತ್ತಲಿಲ್ಲ.
"ಜೂನ್ ಒಂದು ಅಂತ ಬರೀರಿ."
ಬರೆದೆ.
ಆ ಸಾಲಿನ ಇಪ್ಪತ್ಮೂರು ಮಕ್ಕಳೂ
ಅದೇ ದಿನ ಹುಟ್ಟಿದವು,
ದೋಣಿಗಳೆಲ್ಲ ದಂಡೆ ಹತ್ತಿ ಮಡಲು ಹೊದ್ದು ಮಲಗುವ,
ಯಾರೂ ಯಾವ ಬಲೆಯನ್ನೂ ಎಳೆಯದ ತಿಂಗಳಲ್ಲಿ.

ನಡತೆ: ತೃಪ್ತಿಕರ.
ಎಂಟನೇ ಇಯತ್ತೆಯ ಹಾಜರಿ ಪುಸ್ತಕವನ್ನು
ಬಾವಿಗೆ ಎಸೆದವಳು ಇವಳೇ.
ನಾನು ನೋಡಿದ್ದೆ, ಹೇಳಲಿಲ್ಲ.
ಬಾವಿಯೂ ಈಗ ಬೇಲಿಯ ಒಳಗಿದೆ,
ಗುರುತು ಚೀಟಿ ಇಲ್ಲದೆ ಇಣುಕಲು ಬಿಡುವುದಿಲ್ಲ.

ಸಂಸ್ಥೆ ಅದೇ ವಿಳಾಸದಲ್ಲಿದೆಯೇ?
ಇದು ಮೂರನೇ ಪ್ರಶ್ನೆ.
ಶಿರೇಬಾಗ ಎಂಬ ಊರು ಉಳಿದಿರುವುದು
ನನ್ನ ರಬ್ಬರು ಮೊಹರಿನಲ್ಲಿ ಮಾತ್ರ.
'ಬಾ' ಸವೆದಿದೆ. ಒತ್ತುವಾಗ
ಎಡಕ್ಕೆ ತುಸು ಭಾರ ಹಾಕಬೇಕು.

ನಿನ್ನೆ ಗಿರಿಜಿ ಬಂದಿದ್ದಳು, ಸೊಂಟ ಬಾಗಿದೆ.
ಎಲೆಯಲ್ಲಿ ಸುತ್ತಿದ ನೊಗ್ಲಿ ಮೇಜಿನ ಮೇಲಿಟ್ಟಳು.
ಇದು ಲಂಚವಾಗ್ತದೆ, ತೆಗಿ, ಎಂದೆ.
ಆಮೇಲೆ ಗೇಟಿನವರೆಗೆ ಹೋಗಿ
ದುಡ್ಡು ಕೊಟ್ಟು ಕೊಂಡುಕೊಂಡೆ. ಚೌಕಾಸಿ ಮಾಡಲಿಲ್ಲ.
"ಅವ್ರು ನನ್ನ ಕೇಳೂದಿಲ್ವಾ?
ನಾನೇ ಹೆತ್ತದ್ದು ಅಂತ ಹೆಬ್ಬೆಟ್ಟು ಒತ್ತ್ತೆ ಬೇಕಾರೆ."
ಅದಕ್ಕೆ ಕಾಲಂ ಇಲ್ಲ ಗಿರಿಜಿ.

'ಅಲ್ಲ'ವನ್ನು ಹೊಡೆದುಹಾಕಿದೆ.
ಪ್ರಮಾಣಪತ್ರ ನೈಜ.
ಬರೆದವನು ಬದುಕಿದ್ದಾನೆ, ನಿವೃತ್ತಿಗೆ ಏಳು ತಿಂಗಳಿದೆ.
ಮೊಹರು, ಸಹಿ, ಇಸವಿ.
ಇದರ ಬೆನ್ನಿಗೆ ಇನ್ನೆಷ್ಟು ಮೊಹರು ಬೀಳಬೇಕೋ,
ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದು.
ಅಲ್ಲಿಯ ಆಸ್ಪತ್ರೆಯಲ್ಲಿ ಪ್ರತಿ ಜೂನ್ ಒಂದಕ್ಕೆ
ಅವಳ ಹೆಸರಿನ ಕೇಕು ಕತ್ತರಿಸುತ್ತಾರಂತೆ.
ಕತ್ತರಿಸಲಿ.

ಕೊನೆಗೆ ಉಳಿಯಿತು
ಇತರೆ ಷರಾ, ಇದ್ದಲ್ಲಿ.
ನಾಲ್ಕು ಬೆರಳು ಖಾಲಿ ಜಾಗ.
ತುಂಬ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.
ಆಮೇಲೆ ಮೂವತ್ತಾರು ವರ್ಷದ ರೂಢಿಯಂತೆ
ಬೇರೆ ಯಾರೂ ಅಲ್ಲಿ ಏನೂ ಸೇರಿಸದಂತೆ
ಮೂಲೆಯಿಂದ ಮೂಲೆಗೆ
ಒಂದು ಓರೆಗೆರೆ ಎಳೆದೆ.