ಆಂಬಾಲೆ

ಲಿಮೋಜ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ
ಕಟ್ಟುವ ಕೋಣೆಗೆ ಕಿಟಕಿ ಒಂದೇ.
ಅದರ ಕೆಳಗೆ ಮೂವತ್ನಾಲ್ಕು ವರ್ಷ ನಿಂತು
ಸೊಲಾಂಜ್ ಲಾಬ್ರುಸ್ ಬಟ್ಟಲು ಸುತ್ತಿದ್ದಾಳೆ.
ಮೊದಲು ಹುಲ್ಲು, ಆಮೇಲೆ ಹಳೇ ಪೇಪರು,
ಈಗ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು.
ಒಡೆದದ್ದು?
ಒಂದೂ ಇಲ್ಲ.

ಸುತ್ತಿ ಕಟ್ಟುವುದಕ್ಕೆ ಅವರ ಮಾತಲ್ಲಿ ಆಂಬಾಲೆ.
ಅದರ ಮುಂದೆ ನಾನು, ನೀನು, ತಾನು ಎಂಬ ಚೂರು ಅಂಟಿತೋ
(ಒಂದು ಮ್, ಒಂದು ತ್, ಒಂದು ಸ್, ಅಷ್ಟೇ)
ಕಟ್ಟು ಬಿಚ್ಚಿತು ಅನ್ನಿ:
ಕುದುರೆ ಲಗಾಮು ಕಚ್ಚಿಕೊಂಡು ಓಡಿತು,
ಎಂಜಿನ್ನು ಹಿಡಿತ ತಪ್ಪಿ ಅರಚಿತು,
ಮನುಷ್ಯ ಒಲೆಯ ಮೇಲಿನ ಹಾಲಿನ ಹಾಗೆ
ಯಾರೋ ಆಚೆ ತಿರುಗಿದ ಗಳಿಗೆಯಲ್ಲಿ ಉಕ್ಕಿದ.
ಕಟ್ಟಿಡುವುದಕ್ಕೂ ಕಿತ್ತೋಡುವುದಕ್ಕೂ
ಒಂದೇ ಪದ ಸಾಕು ಅಂದವರು ಯಾರು?
ಕೇಳಿದರೆ ಅವರೂ ಹೆಗಲು ಕುಣಿಸುತ್ತಾರೆ.

ನಮ್ಮಲ್ಲಿ ಹುರುಪುಂಟು, ಉಮೇದುಂಟು, ಹುಮ್ಮಸ್ಸುಂಟು.
ಯಾವುದರಲ್ಲೂ ಹಗ್ಗವಿಲ್ಲ.
ನನ್ನ ಕಿವಿಗೋ ಆ ಪದದಲ್ಲಿ ಬೇರೆಯೇ ಕೇಳುತ್ತದೆ,
ಮೊದಲು ಬಾಲ, ಧೂಳಿನ ಮೇಲೆ ನಿಗುರಿದ್ದು,
ಆಮೇಲೆ ಬಾಲೆ.
ತಪ್ಪು ವ್ಯುತ್ಪತ್ತಿ. ಗೊತ್ತು. ಇರಲಿ.

ಬಾಲೆಗೆ ಆಗ ಆರು ವರ್ಷ.
ಅಜ್ಜ ಲೆಯೋನಾರನ ಗಾಡಿ, ಕುದುರೆಯ ಹೆಸರು ಬಿಜೂ.
ಬೇಲಿಯಾಚೆ ಒಬ್ಬಾಕೆ ಒದ್ದೆ ಹೊದಿಕೆ ಕೊಡವಿದಳು,
ಅದರ ಪಟಾರ್ ಸದ್ದಿಗೆ
ಗಾಡಿ, ಅಜ್ಜ, ಮೂರು ಮೂಟೆ ಆಲೂಗಡ್ಡೆ
ಎಲ್ಲ ಒಟ್ಟಿಗೆ ಇಳಿಜಾರಿಗೆ.
ಅಜ್ಜ ದೇವರನ್ನೂ ದೇವರ ತಾಯಿಯನ್ನೂ ಬೈದ.
ಆಲೂಗಡ್ಡೆ ಒಂದೊಂದೇ ಹಾರಿದವು.
ಹುಡುಗಿ ನಕ್ಕಳು. ಉಸಿರು ಕಟ್ಟುವಷ್ಟು ನಕ್ಕಳು.
ನಕ್ಕದ್ದಕ್ಕೆ ಅಜ್ಜಿ ಕೆನ್ನೆಗೆ ಕೊಟ್ಟಳು.

ಆಮೇಲೆ ಬದುಕೆಲ್ಲ ಒಂದೇ ಮಾತು: ನ ತಾಂಬಾಲ್ ಪಾ.
ಬೋರ್ದೋಗೆ ಓದಲು ಹೋಗುತ್ತೇನೆ ಅಂದಾಗ,
ಕೆಂಪು ಮೋಟಾರು ಬೈಕಿನ ಬೆಲೆ ವಿಚಾರಿಸಿದಾಗ,
ಮುಷ್ಕರದ ದಿನ ಮೇಜಿನ ಮೇಲೆ ಹತ್ತಿ ನಿಂತಾಗ.
ಹಾರಾಡಬೇಡ ಮಗಳೇ, ಉಬ್ಬಬೇಡ, ಇಳಿ.
ಇಳಿದಳು. ಬಟ್ಟಲು ಸುತ್ತಿದಳು.

ಅರವತ್ತೊಂದರಲ್ಲಿ ಡಾಕ್ಟರ್ ವೆರ್ನ್ಯೋ
(ಚಿಕ್ಕ ವಯಸ್ಸಿನಾಕೆ, ಕಿವಿಯಲ್ಲಿ ಎರಡೆರಡು ಓಲೆ)
ಎದೆಗೆ ಕಿವಿಗೊಟ್ಟು ಅದೇ ಪದ ಅಂದಳು:
ನಿಮ್ಮ ಹೃದಯ ಆಗಾಗ ಲಗಾಮು ಕಚ್ಚುತ್ತಿದೆ, ಮದಾಂ.
ಐದು ತಂತಿ ಅಂಟಿಸಿ, ಸೊಂಟಕ್ಕೆ ಡಬ್ಬಿ ಕಟ್ಟಿ
ಕೈಗೊಂದು ಪುಸ್ತಕ ಕೊಟ್ಟಳು:
ಒಂದು ದಿನ, ಒಂದು ರಾತ್ರಿ.
ಎದೆ ಓಡಿದಾಗಲೆಲ್ಲ, ಏನು ಮಾಡುತ್ತಿದ್ದಿರಿ, ಬರೆಯಿರಿ.

ಮಧ್ಯಾಹ್ನ ಮೂರು ನಲವತ್ತಕ್ಕೆ
ತಂತಿಯ ತುರಿಕೆಗೆ ಕೈ ಜಾರಿ
ನೀಲಿ ಅಂಚಿನ ಬಟ್ಟಲೊಂದು ಕಲ್ಲುನೆಲಕ್ಕೆ ಬಿತ್ತು.
ಒಡೆಯಲಿಲ್ಲ.
ಬುಡದ ಮೇಲೆ ಬುಗುರಿಯ ಹಾಗೆ ತಿರುಗಿತು
ಣ್ ಣ್ ಣ್ ಎನ್ನುತ್ತ.
ಇಡೀ ಕೋಣೆಯ ಕೈಗಳು ನಿಂತವು.
ನೆರೆಯ ಮೇಜಿನ ಜೊಸ್ಲಿನ್ ಶಿಲುಬೆ ಗೀಚಿಕೊಂಡಳು.

ರಾತ್ರಿ ಹನ್ನೊಂದು ಹತ್ತಕ್ಕೆ
ಅಡುಗೆಮನೆಯಲ್ಲಿ ಯಾರೂ ಇಲ್ಲ.
ಕಪಾಟಿನಿಂದ ಒಂದು ಬಟ್ಟಲು ತೆಗೆದಳು,
ಕಾರ್ಖಾನೆಯವರು ಇಪ್ಪತ್ತೈದನೇ ವರ್ಷಕ್ಕೆ ಕೊಟ್ಟದ್ದು,
ಚಿನ್ನದ ಗೆರೆಯದ್ದು.
ತೋಳು ಚಾಚಿದಳು.
ಬಿಟ್ಟಳು.

ಡಾಕ್ಟರು ಗೆರೆಯ ಮೇಲೆ ಬೆರಳಾಡಿಸುತ್ತಾಳೆ.
ಇಲ್ಲೊಂದು ಗುಡ್ಡ. ಇಲ್ಲಿ ಅದಕ್ಕಿಂತ ದೊಡ್ಡ ಬೆಟ್ಟ.
ಪುಸ್ತಕದಲ್ಲಿ ಎರಡೂ ಕಡೆ ಒಂದೇ ಬರಹ:
ಕಟ್ಟುತ್ತಿದ್ದೆ.
ರಾತ್ರಿ ಹನ್ನೊಂದಕ್ಕೂ, ಮದಾಂ?

ಸೊಲಾಂಜ್ ಪೆನ್ನು ಇಸಕೊಂಡಳು.
ಎರಡನೆಯದರ ಪಕ್ಕ, ಸಾಲು ಕೊಂಚ ಓರೆಯಾದರೂ,
ಸಣ್ಣದೊಂದು ಮ್ ಸೇರಿಸಿದಳು.

ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಅರ್ಧ.
ಮೊದಲ ಅರ್ಧ ನುಂಗಿದ ಬೆಳಿಗ್ಗೆ
ಚಪ್ಪಲಿಯೊಳಗೆ ಏನೋ ಚುಚ್ಚಿತು,
ಚಿನ್ನದ ಗೆರೆಯ ತುಂಡು, ಉಗುರಿನಷ್ಟು.
ಬಿಸಾಡಲು ಹೋದವಳು
ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಸುತ್ತಿಟ್ಟಳು,
ಒಂದು ಗುಳ್ಳೆ ಮಾತ್ರ
ಪಟ್ ಎನ್ನಿಸಿ.