ಬಿಚ್ಚದ ಮಾಡು

ಮಾಡು ಬಿಚ್ಚುವ ಕಾರಲ್ಲ ಅದು.
ಬಿಚ್ಚಬಹುದೇನೋ ಎಂದು ನೋಡಿದವರಿಗೆ ಅನಿಸಬೇಕು,
ಅಷ್ಟೆ. ಅದಕ್ಕೇ ತಗಡಿನ ಮೇಲೆ ಕಪ್ಪು ರೆಕ್ಸಿನ್,
ಬೆನ್ನುದ್ದಕ್ಕೆ ಎರಡು ಹೊಲಿಗೆ,
ಅಂಚಿಗೆ ಮಿಂಚುವ ನಿಕ್ಕಲ್ ಪಟ್ಟಿ.

ಕಂಕನಾಡಿಯಲ್ಲಿ ಪೊಡಿಯಬ್ಬ ಮೇಸ್ತ್ರಿಯ ಕುಶನ್ ಅಂಗಡಿ.
ನನಗೆ ಹದಿನಾಲ್ಕು. ಕೆಲಸವೆಂದರೆ
ಬಿದ್ದ ಸೂಜಿ ಹುಡುಕುವುದು, ನಾರು ಬಿಡಿಸುವುದು, ಚಾ ತರುವುದು,
ಸೊಲ್ಯೂಶನ್ ಡಬ್ಬಿಗೆ ಮುಚ್ಚಳ ಹಾಕಲು ಮರೆತು
ಬೈಸಿಕೊಳ್ಳುವುದು.

ಎಪ್ಪತ್ತಮೂರರ ನವೆಂಬರ್.
ಎಲ್ಫಿನ್ ಸಿಕ್ವೇರರ ಹಾಲುಬಿಳಿ ಫಿಯೆಟ್
ಬಿಜೈಯಿಂದ ನಾಚಿಕೊಂಡು ಬಂತು.
ಮಾಡಿನ ನಟ್ಟನಡುವೆ ಗುಳಿ,
ಕೋಳಿಗೆ ನೀರಿಡಬಹುದು, ಅಷ್ಟು.
ಅವರದೇ ಹಿತ್ತಲು, ಅವರದೇ ತೆಂಗು, ಅವರದೇ ಕಾಯಿ;
ದೂರುವುದು ಯಾರನ್ನು?
ಬರುವ ವಾರ ಮಗಳ ರೋಸು, ಮದುವೆ.
ಟಿಂಕರ್ ಕೇಳಿದ್ದು ಹದಿನೈದು ದಿನ.

ಮೇಸ್ತ್ರಿ ಬೀಡಿ ಆರಿಸಿ ಕಾರಿಗೊಂದು ಸುತ್ತು ಬಂದರು.
ಬಂದರಿನ ಗುಜರಿಯಿಂದ ಬಂದ ಪತ್ರಿಕೆಯೊಂದನ್ನು ತೆಗೆದು
ಉದ್ದ ಮೂತಿಯ ಪರದೇಶಿ ಕಾರಿನ ಪಟ ತೋರಿಸಿದರು.
"ಟೊಪ್ಪಿ ಹಾಕಿದರೆ ಬೋಳು ಕಾಣುವುದಿಲ್ಲ, ಪೊರ್ಬುಗಳೇ."

ಗುಳಿಗೆ ಹತ್ತಿ ತುಂಬಿದೆವು.
ರೆಕ್ಸಿನ್ನನ್ನು ಬಿಸಿಲಿಗೆ ಹಾಸಿ
ಹಪ್ಪಳ ಕಾದಂತೆ ಕಾದು ಕುಳಿತೆ ನಾನು.
ಮೆತ್ತಗಾದ ಮೇಲೆ ನಾಲ್ಕು ಮೂಲೆ ಹಿಡಿದು ಎಳೆದೆವು.
ಗಾಳಿಯ ಗುಳ್ಳೆ ಓಡಿಸಲು
ಮೇಸ್ತ್ರಿಯ ಮನೆಯಿಂದ ಬೀಪಾತುಮ್ಮನ ಲಟ್ಟಣಿಗೆ ಬಂತು.
ಆ ರಾತ್ರಿಯ ರೊಟ್ಟಿಗೆ ಸೊಲ್ಯೂಶನ್ ವಾಸನೆ ಇತ್ತಂತೆ.

ಇಗರ್ಜಿಯ ಮೆಟ್ಟಿಲ ಬಳಿ ಮದುಮಗಳು ಇಳಿದಾಗ
ಅರ್ಧ ಊರು ಅವಳನ್ನು ನೋಡಿತು,
ಉಳಿದರ್ಧ ಮಾಡನ್ನು.

ಆಮೇಲೆ ನೋಡಿ, ಸಾಲು.
ಬೀಡಿ ಕಂಪೆನಿಯ ಧಣಿಗಳಿಗೆ ಕಂದು,
ಬ್ಯಾಂಕಿನ ಏಜೆಂಟರಿಗೆ ಕಪ್ಪು,
ಸುರತ್ಕಲ್ಲಿನ ಹಲ್ಲಿನ ಡಾಕ್ಟರಿಗೆ
ಒಸಡಿನ ಬಣ್ಣದ್ದೇ ಬೇಕು.
ಗುಳಿಯೇ ಇಲ್ಲದ ಮಾಡುಗಳಿಗೆಲ್ಲ ಟೊಪ್ಪಿ.
ಕಾಯಿ ಬಿದ್ದದ್ದು ಮೂವರಿಗೆ ಗೊತ್ತು,
ಮೂವರೂ ಬಾಯಿ ಬಿಡಲಿಲ್ಲ.

ಹಂಚಿನ ಊರು ಇದು. ಮಾಡು ಅಂದರೆ ಏನೆಂದು
ಬೇರೆಯವರು ಕಲಿಸಬೇಕಾಗಿರಲಿಲ್ಲ.
ಹಂಚು ನೀರನ್ನು ಇಳಿಸುತ್ತದೆ, ಉಸಿರನ್ನು ಬಿಡುತ್ತದೆ.
ರೆಕ್ಸಿನ್ ಎರಡನ್ನೂ ಒಳಗೇ ಹಿಡಿದಿಡುತ್ತದೆ.
ಕೇಳಿದರೆ ಮೇಸ್ತ್ರಿ ಹೇಳುತ್ತಿದ್ದರು.
ಯಾರೂ ಕೇಳಲಿಲ್ಲ.

ಮೊನ್ನೆ ಸಿಕ್ವೇರರ ಮೊಮ್ಮಗ ಜೋಸ್ವಿನ್
ಅದೇ ಕಾರನ್ನು ಲಾರಿಯ ಮೇಲೆ ತಂದ.
ಹಳೆ ಕಾರುಗಳ ಮೆರವಣಿಗೆ ಇದೆಯಂತೆ.
"ಎಲ್ಲ ಒರಿಜಿನಲ್ ಆಗಬೇಕು ಅಂಕಲ್.
ಈ ಕಪ್ಪು ಒರಿಜಿನಲ್ಲೋ?"

ಏನು ಹೇಳಲಿ.

ಬಿಸಿಗಾಳಿ ಹಿಡಿದು ಒಂದು ಮೂಲೆಯಿಂದ ಎಬ್ಬಿಸಿದೆ.
ತಗಡು ಕುಚ್ಚಲಕ್ಕಿಯ ಬಣ್ಣಕ್ಕೆ ತಿರುಗಿ
ಉದುರಿ ಅಂಗೈಗೆ ಬಂತು.
ಐವತ್ತು ವರ್ಷ ವೇಷ ಹಾಕಿ ನಿಂತದ್ದು
ಈಗ ನಿಜಕ್ಕೂ ಆಕಾಶಕ್ಕೆ ಬಿಚ್ಚಿಕೊಂಡಿದೆ,
ಎರಡು ಕೈ ತೂರಿಸಬಹುದು.
ಹತ್ತಿ ಮಾತ್ರ ಅಲ್ಲೇ ಇತ್ತು, ಇಲಿಯ ಗೂಡಿನಂತೆ ಮುದುಡಿ.

ಅಂಚಿನ ಮಡಿಕೆಯಲ್ಲಿ,
ಗೋಂದು ತಾಗದ ಬೆರಳಗಲದ ಬಟ್ಟೆಯ ಮೇಲೆ
ನೀಲಿ ಪೆನ್ಸಿಲಿನ ಅಕ್ಷರ:
ಸಿಕ್ವೇರ. ಬಾಕಿ ೪೦.

ಮದುವೆ ಮನೆಯಲ್ಲಿ ಕೇಳುವುದು ಹೇಗೆಂದು
ಆ ವಾರ ಕೇಳಿರಲಿಕ್ಕಿಲ್ಲ.
ಮದುವೆ ಕಳೆದ ಮೇಲೆ
ಊರಿಗೆ ಊರೇ ಬಾಗಿಲಲ್ಲಿ ನಿಂತಿರುವಾಗ
ಈ ನಲವತ್ತನ್ನು ಹೇಗೆ ಕೇಳುವುದು?

ಹುಡುಗ ನಕ್ಕ. ಫೋನಿನಲ್ಲಿ ಪಟ ಹಿಡಿದ.
"ಯಾವ ನಂಬರಿಗೆ ಹಾಕಲಿ?" ಎಂದ.
ಪೊಡಿಯಬ್ಬ ಮೇಸ್ತ್ರಿ ಮಲಗಿರುವಲ್ಲಿ
ಮಾಡೂ ಇಲ್ಲ, ನಂಬರೂ ಇಲ್ಲ.

ನಾಳೆ ಟಿಂಕರ್ ಬಂದು ಹೊಸ ತಗಡು ಬೆಸೆಯುತ್ತಾನೆ.
ಟೊಪ್ಪಿ ಬೇಕೋ ಬೇಡವೋ ಹುಡುಗ ಇನ್ನೂ ಹೇಳಿಲ್ಲ.
ಬೇಕೆಂದರೆ ಕಪ್ಪನ್ನೇ ಹಾಕುತ್ತೇನೆ,
ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೇನೆ ಮಡಿಕೆಗೆ.
ಬಡ್ಡಿ ಬರೆಯುವುದಿಲ್ಲ.
ನಲವತ್ತೇ.